ಕಿನ್ನಿಗೋಳಿಯಿಂದ ಬಂದದ್ದು

ಎರಡು ಕೈಯಲ್ಲೂ ಚೀಲ ಹಿಡಿದು ಅಂಗಡಿಯೊಳಗೆ ಬಂದ ದೀಕ್ಷಿತಾಳಿಗೆ ತನ್ನ ಸಾಲು ಕಾಣಲಿಲ್ಲ. ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಆ ಅಂಗಡಿಯಲ್ಲಿ ಹಪ್ಪಳಕ್ಕೂ ಉಪ್ಪಿನಕಾಯಿಗೂ ನಡುವಿನ ಜಾಗ ಕೊರೊನಾ ಕಾಲದಿಂದ ಅವಳದೇ ಆಗಿತ್ತು. ಅವಳು ಅಕ್ಕಿಯಿಂದ ಮಾಡಿದ ಗರಿಗರಿ ಕೋರಿರೊಟ್ಟಿ ಬಿಟ್ಟರೆ ಅಲ್ಲಿ ಬೇರೇನನ್ನೂ ಇಡುತ್ತಿರಲಿಲ್ಲ. ಇವತ್ತು ಅಲ್ಲಿ ಕೆಂಪು ಅಕ್ಷರದ ಹೊಳೆಯುವ ಪ್ಯಾಕೆಟ್‌ಗಳು ಮೇಲಿನಿಂದ ಕೆಳಗಿನವರೆಗೆ ತುಂಬಿದ್ದವು.

"ಕಂಟೇನರ್ ಬಂತು ಅಕ್ಕ," ಅಂಗಡಿಯ ಗೋಪಿನಾಥ್ ಅವಳ ಮುಖ ನೋಡದೆ ಹೇಳಿದ. "ಈಗ ಊರಿನ ಮಾಲೆಲ್ಲ ಮೊದಲಿನ ಹಾಗೆ ಬರ್ಲಿಕ್ಕೆ ಶುರುವಾಗಿದೆ. ರೇಟು ನಿಮ್ಮದರ ಅರ್ಧ. ನಾನು ಎಂತ ಮಾಡುದು ಹೇಳಿ?"

"ಹಾಗಾದ್ರೆ ನಂದು?"

"ಫೋನಲ್ಲೇ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ."

ಹಡಗು, ವಿಮಾನ ಎಲ್ಲ ನಿಂತಿದ್ದಾಗ ಇದೇ ಗೋಪಿನಾಥ್ ನಗರದಾಚೆಯ ಮುಐದರ್‌ನ ಅವಳ ಮನೆಯವರೆಗೆ ಬಂದು, "ಜನ ರೊಟ್ಟಿ ಕೇಳ್ತಾರೆ, ಮಾಡಿ ಕೊಡ್ತೀರಾ?" ಎಂದು ಕೇಳಿದ್ದ. ಆಗ ಅವಳ ಗಂಡ ಕೃತಿಕ್‌ಗೆ ಹೋಟೆಲಿನವರು ಸದ್ಯಕ್ಕೆ ಕೆಲಸಕ್ಕೆ ಬರಬೇಡ ಎಂದಿದ್ದರು. ದೀಕ್ಷಿತಾಳಿಗೆ ರೊಟ್ಟಿ ತಿಂದು ಗೊತ್ತೇ ಹೊರತು ಮಾಡಿ ಗೊತ್ತಿರಲಿಲ್ಲ. ಕಲಿಸಿದ್ದು ಅಣ್ಣನ ಹೆಂಡತಿ ಪೂವಕ್ಕ, ತವರೂರು ಕಿನ್ನಿಗೋಳಿಯಿಂದ, ವೀಡಿಯೊ ಕಾಲ್‌ನಲ್ಲಿ. "ಇನ್ನೂ ತೆಳ್ಳಗೆ ಎಳಿ. ಬಿಸಿ ಇರುವಾಗ್ಲೇ ಮಡಚು, ತಣಿದ್ರೆ ಪುಡಿಯಾಗ್ತದೆ." ಪೂವಕ್ಕನಿಗೆ ಆಗ ಹೊತ್ತೇ ಹೊತ್ತು. ಅವಳು ಕೆಲಸ ಮಾಡುತ್ತಿದ್ದ ರೊಟ್ಟಿ ಕಾರ್ಖಾನೆಯವರು, ಗಲ್ಫಿಗೆ ಮಾಲು ಹೋಗುವುದು ನಿಂತದ್ದರಿಂದ, ಬಾಗಿಲು ಹಾಕಿದ್ದರು.

ದೀಕ್ಷಿತಾ ಹೊಸ ಪ್ಯಾಕೆಟೊಂದನ್ನು ಎತ್ತಿ ಹಿಂದೆ ತಿರುಗಿಸಿದಳು. ಕಿನ್ನಿಗೋಳಿ. ತಯಾರಿಸಿದ್ದು ಪೂವಕ್ಕನ ಅದೇ ಕಾರ್ಖಾನೆ. ಅವಳು ಅಲ್ಲೇ ನಿಂತು ಪೂವಕ್ಕನಿಗೆ ಫೋನ್ ಹಚ್ಚಿದಳು. ದೂರು ಹೇಳಲಿಕ್ಕೋ ಸಂತೋಷ ಹೇಳಲಿಕ್ಕೋ, ಅವಳಿಗೇ ಗೊತ್ತಿರಲಿಲ್ಲ.

"ಅತ್ತಿಗೆ, ಇದು ನಿಮ್ಮದಾ ನೋಡಿ."

"ಅಯ್ಯೋ ದೇವರೇ, ನಮ್ಮದೇ!" ಪೂವಕ್ಕನ ಮುಖ ಪರದೆಯ ತುಂಬ ಬಂತು. "ಏ, ಬನ್ನಿ ಎಲ್ರೂ! ನಮ್ಮ ರೊಟ್ಟಿ ದೋಹಾಕ್ಕೆ ಮುಟ್ಟಿದೆ!" ತಲೆಗೆ ಬಟ್ಟೆ ಕಟ್ಟಿಕೊಂಡ ಕಾರ್ಖಾನೆಯ ಹೆಂಗಸರು ಅವಳ ಹಿಂದೆ ಮುತ್ತಿಕೊಂಡರು. "ಇಡೀ ಸಾಲು ತೋರ್ಸು ಮಾರಾಯ್ತಿ!" ದೀಕ್ಷಿತಾ ಫೋನನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಸುತ್ತ ತೋರಿಸಿದಳು. ಚೀಲಗಳು ಕಾಣದಂತೆ ಕಾಲಿನಿಂದ ಒತ್ತಿ ರ‍್ಯಾಕಿನ ಅಡಿಗೆ ಸರಿಸಿದಳು. "ನಾವು ಮಾಡಿದ್ದು ಅಷ್ಟು ದೂರ ಹೋಗ್ತದಾ?" ಎಂದು ಅಲ್ಲಿ ಯಾರೋ ಕೇಳುತ್ತಿದ್ದರು.

"ಈಗ ಎರಡು ಪಾಳಿ, ಗೊತ್ತುಂಟಾ?" ಪೂವಕ್ಕ ಸ್ವರ ತಗ್ಗಿಸಿದಳು. "ಅಶ್ವಿತಾನ ಕಾಲೇಜು ಬಿಡಿಸುದಂತ ಮಾಡಿದ್ದೆ. ಇನ್ನು ಬೇಡ. ಮಗಳು ಓದ್ಲಿ."

"ಒಳ್ಳೇದಾಯ್ತು ಅತ್ತಿಗೆ," ಎಂದಳು ದೀಕ್ಷಿತಾ. ಅದು ಸುಳ್ಳಲ್ಲ.

"ನಿನ್ನದೆಲ್ಲಿ? ಅದನ್ನೂ ತೋರ್ಸು. ನನ್ನ ನಾದಿನಿ ಅಲ್ಲಿ ಥೇಟ್ ನನ್ನ ಹಾಗೇ ಮಾಡ್ತಾಳೆ ಅಂತ ಇವರಿಗೆಲ್ಲ ಹೇಳಿಟ್ಟಿದ್ದೇನೆ."

ದೀಕ್ಷಿತಾಳ ಕಣ್ಣು ಕೆಳಗೆ ಸರಿಸಿಟ್ಟ ಚೀಲಗಳ ಕಡೆ ಹೋಯಿತು. ಗೋಪಿನಾಥ್ ಸದ್ದಿಲ್ಲದೆ ಬಗ್ಗಿ ಅವಳ ಚೀಲದಿಂದ ಎರಡು ಪ್ಯಾಕೆಟ್ ತೆಗೆದ. ಕೆಂಪು ಅಕ್ಷರದವನ್ನು ಅತ್ತಿತ್ತ ಸರಿಸಿ ನಟ್ಟನಡುವೆ ಅವನ್ನು ನಿಲ್ಲಿಸಿ, "ತೋರ್ಸಿ," ಎಂದು ಕೈಸನ್ನೆ ಮಾಡಿದ. ಅವಳು ತೋರಿಸಿದಳು. ಕಿನ್ನಿಗೋಳಿಯಲ್ಲಿ ಹೆಂಗಸರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಯಾರೋ ಕೆಲಸಕ್ಕೆ ಕರೆದರು. ಪೂವಕ್ಕ ಕೈಬೀಸಿ ಫೋನಿಟ್ಟಳು.

"ಇರ್ಲಿ, ಆ ಎರಡು ಅಲ್ಲೇ ಇರ್ಲಿ," ಎಂದ ಗೋಪಿನಾಥ್. ಉಳಿದದ್ದನ್ನು ಚೀಲದಲ್ಲೇ ಬಿಟ್ಟು ಅವಳು ಅದರ ಬಾಯಿ ಕಟ್ಟಿದಳು. ಎರಡು ಪಾಳಿ, ಅಶ್ವಿತಾನ ಕಾಲೇಜು, ಮನೆಯಲ್ಲಿ ನಾಳೆಗೆಂದು ನೆನೆಹಾಕಿ ಬಂದ ಅಕ್ಕಿ, ಎಲ್ಲ ಅವಳ ತಲೆಯಲ್ಲಿ ಒಂದರ ಮೇಲೊಂದು ಬಿದ್ದವು.

"ಓ, ಊರಿನ ರೊಟ್ಟಿ ಬಂತಾ?" ಹಿಂದಿನಿಂದ ಸ್ವರ ಕೇಳಿತು. ಹತ್ತಿರದ ಕ್ಲಿನಿಕ್ಕಿನ ನರ್ಸ್ ರೋಸಲಿನ್, ದೀಕ್ಷಿತಾಳ ಹಳೆಯ ಗಿರಾಕಿ. ಅವಳು ಒಂದು ಕೈಯಲ್ಲಿ ಕೆಂಪು ಅಕ್ಷರದ್ದನ್ನು, ಇನ್ನೊಂದರಲ್ಲಿ ದೀಕ್ಷಿತಾಳದ್ದನ್ನು ಹಿಡಿದು ತಿರುಗಿಸಿ ನೋಡಿದಳು. "ದೀಕ್ಷಿತಾ, ನೀವೇ ಇದ್ದೀರಲ್ಲ. ಸತ್ಯ ಹೇಳಿ, ಯಾವ್ದು ತಕ್ಕೊಳ್ಳುದು?"

ಗೋಪಿನಾಥ್ ತಲೆಯೆತ್ತಿ ದೀಕ್ಷಿತಾಳನ್ನು ನೋಡಿದ.

"ಎರಡೂ ನಮ್ಮನೆಯದ್ದೇ," ಎಂದಳು ಅವಳು.

ರೋಸಲಿನ್ ನಕ್ಕಳು, ಅವಳಿಗೆ ಏನೂ ಅರ್ಥವಾಗಲಿಲ್ಲ. ಒಂದನ್ನು ರ‍್ಯಾಕಿನಲ್ಲಿ ವಾಪಸಿಟ್ಟು ಇನ್ನೊಂದನ್ನು ಬುಟ್ಟಿಗೆ ಹಾಕಿಕೊಂಡಳು. ಅದು ಯಾವುದೆಂದು ಕಾಣದಿರಲು ದೀಕ್ಷಿತಾ ಅಷ್ಟರಲ್ಲಿ ಬೆನ್ನು ತಿರುಗಿಸಿ, ತನಗೆ ಬೇಡವಾದ ಸೋಪಿನ ಡಬ್ಬಿಯೊಂದನ್ನು ಕೈಗೆತ್ತಿಕೊಂಡು, ಅದರ ಮೇಲಿನ ಅರಬ್ಬೀ ಅಕ್ಷರಗಳನ್ನು ಓದಲು ಬರುವವಳಂತೆ ನೋಡುತ್ತ ನಿಂತಿದ್ದಳು.