ಉಪ್ಪಿಲ್ಲದ ಸೂಪು

ಮೂಲೆಯ ಮೇಜಿನಲ್ಲಿ ಆಕೆ ನೋಟ್‌ಪುಸ್ತಕ ತೆರೆದಿಡುತ್ತಿದ್ದಂತೆ ಹೋಟೆಲಿನ ಮ್ಯಾನೇಜರ್ ಕೌಂಟರ್ ಬಿಟ್ಟು ಅತ್ತ ಧಾವಿಸಿದ. ಆರು ತಿಂಗಳಿಂದ ಪ್ರತಿ ಮಂಗಳವಾರ, ಮಧ್ಯಾಹ್ನ ಒಂದಕ್ಕೆ, ಅದೇ ಮೇಜು. ಮೆನು ಕಾರ್ಡಿನಲ್ಲಿ ಯಾರೂ ಕಣ್ಣೆತ್ತಿ ನೋಡದ, ಹಸಿರು ಎಲೆಯ ಗುರುತಿನ ‘ಹಗುರ ಊಟ’ದ ಪುಟದಿಂದ ಅದೇ ಬಾರ್ಲಿ ಸೂಪು. ಮೊದಲ ಚಮಚವನ್ನು ಕಣ್ಣು ಮುಚ್ಚಿ ಕುಡಿಯುವುದು, ಪುಸ್ತಕದಲ್ಲಿ ಒಂದು ಸಾಲು ಬರೆಯುವುದು.

ಹೆಡ್ ಆಫೀಸಿನ ತಪಾಸಣೆಯವಳು ಎನ್ನಲು ಇನ್ನೇನು ಸಾಕ್ಷಿ ಬೇಕು? ಹೀಗೇ ಗಿರಾಕಿಯ ವೇಷದಲ್ಲಿ ಬಂದವರ ಒಂದೇ ವರದಿಗೆ ಪಕ್ಕದ ಬಡಾವಣೆಯ ಶಾಖೆಯವನು ಕೆಲಸ ಕಳೆದುಕೊಂಡಿದ್ದ. ಇವನ ಮನೆಯಲ್ಲಿ ತುಂಬು ಬಸುರಿ ಹೆಂಡತಿ. ಕೆಲಸ ಹೋದರೆ ಗತಿಯಿಲ್ಲ.

“ಯಾವತ್ತಿನ ಹಾಗೇ ತಾನೇ?” ಎಂದಳು ಆಕೆ.

“ಎಲ್ಲಾ ಹೆಡ್ ಆಫೀಸಿನ ರೆಸಿಪಿ ಕಾರ್ಡಲ್ಲಿ ಬರೆದ ಹಾಗೇ ಮೇಡಂ. ಒಂದು ಗ್ರಾಮೂ ಆಚೀಚೆ ಆಗಲ್ಲ.”

“ಅಷ್ಟು ಸಾಕು ನನಗೆ.”

ಒಳಗೆ ಅಡುಗೆಯವನು ಹೆಡ್ ಆಫೀಸಿನಿಂದ ಬರುವ ಸೂಪಿನ ಮಿಶ್ರಣದ ಕೊನೆಯ ಪ್ಯಾಕೆಟ್ ಕತ್ತರಿಸುತ್ತಿದ್ದ. ಸೂಪನ್ನು ನಾಳೆಯಿಂದ ಮೆನುವಿನಿಂದ ತೆಗೆಯುವಂತೆ ಬೆಳಿಗ್ಗೆಯೇ ಆದೇಶ ಬಂದಿತ್ತು. ಒಲೆಯ ಮೇಲ್ಗಡೆ ಅಂಟಿಸಿದ ಕಾರ್ಡು ಹೇಳುತ್ತಿತ್ತು: ಉಪ್ಪು ಬೇಡ. ನಿಂಬೆರಸ ಎರಡು ಚಮಚ.

“ಇದನ್ನ ಬರೆದವರ ಮನೇಲಿ ಯಾರಿಗೋ ಬಿ.ಪಿ. ಇರಬೇಕು ಸಾರ್,” ಎಂದು ಅವನು ಗೊಣಗಿದ. “ಇಂಥ ಸಪ್ಪೆ ನೀರನ್ನ ಯಾರು ದುಡ್ಡು ಕೊಟ್ಟು ಕುಡೀತಾರೆ?”

ಸಪ್ಪೆಯೆಂದು ಈಕೆಯೇ ಬರೆದು ಸೂಪನ್ನು ತೆಗೆಸಿರಬೇಕು. ಇವತ್ತಿನ ವರದಿಯಾದರೂ ಚೆನ್ನಾಗಿ ಹೋಗಲಿ. “ಉಪ್ಪಿಗಿಂತ ರುಚಿಯಿಲ್ಲ ಅಂತಾರಪ್ಪ,” ಎಂದು ಅರ್ಧ ಗಾದೆ ಹೇಳಿ, ಮ್ಯಾನೇಜರ್ ಧಾರಾಳವಾಗಿ ಉಪ್ಪು ಉದುರಿಸಿದ. ಮೇಲೊಂದು ಬೆಣ್ಣೆಯ ತುಂಡನ್ನೂ ತೇಲಿಬಿಟ್ಟು, ತಾನೇ ಬಟ್ಟಲು ಹಿಡಿದು ಹೋದ.

ಆಕೆ ಕಣ್ಣು ಮುಚ್ಚಿ ಚಮಚ ಬಾಯಿಗಿಟ್ಟಳು. ಕಣ್ಣು ತೆರೆದಾಗ ಮುಖ ಬಾಡಿಹೋಗಿತ್ತು.

“ಉಪ್ಪು ಹಾಕಿದ್ದೀರಿ.”

“ರುಚಿಗೇಂತ ಮೇಡಂ...”

“ಇದು ಬೇಡ. ಇನ್ನೊಂದು ಬಟ್ಟಲು ಕೊಡಿ. ಮೊದಲಿನ ಹಾಗೆ.”

“ಅದೇ ಕೊನೇ ಪ್ಯಾಕೆಟ್ಟು. ನಾಳೆಯಿಂದ ಮೆನುವಲ್ಲೇ ಇರಲ್ಲ.”

ಆಕೆ ಚಮಚ ಕೆಳಗಿಟ್ಟು ಪುಸ್ತಕಕ್ಕೆ ಕೈ ಹಾಕಿದಳು. ತನ್ನ ಕೆಲಸ ಹೋಯಿತೆಂದೇ ಅವನು ತಿಳಿದ.

“ದಯವಿಟ್ಟು ವರದೀಲಿ ಇದನ್ನ ಬರೀಬೇಡಿ ಮೇಡಂ. ಕೈ ಮುಗೀತೀನಿ.”

“ಯಾವ ವರದಿ?”

ಆಕೆ ಪುಸ್ತಕವನ್ನು ಅವನತ್ತ ತಿರುಗಿಸಿದಳು. ಪುಟದ ತುಂಬಾ ಮಂಗಳವಾರದ ತಾರೀಕುಗಳು. ಪ್ರತಿಯೊಂದರ ಮುಂದೆಯೂ ಒಂದೇ ಸಾಲು: ಇವತ್ತೂ ಅವಳದೇ ಕೈರುಚಿ.

“ಮನೇಲಿ ಎಷ್ಟು ಸಲ ಮಾಡಿ ನೋಡಿದರೂ ನನಗೆ ಬರಲಿಲ್ಲಪ್ಪ,” ಎಂದಳು. ಪುಸ್ತಕ ಮುಚ್ಚಿ ಮುಂದುವರಿಸಿದಳು:

“ನನ್ನ ಬಿ.ಪಿ.ಗೆ ಅಂತಲೇ ನಿಮ್ಮ ಹೆಡ್ ಆಫೀಸಿನ ಅಡುಗೆಮನೇಲಿ ಆ ಕಾರ್ಡು ಬರೆದವಳು ನನ್ನ ಮಗಳು. ಅವಳು ತೀರಿಕೊಂಡ ಮೇಲೆ ಅವಳ ಕೈಯಡುಗೆ ಅಂತ ನನಗೆ ಉಳಿದಿದ್ದದ್ದು ಇದೊಂದೇ ಬಟ್ಟಲು.”