ಮೇಲ್ಸೇತುವೆಯ ನೆರಳು

ನಗರಪಾಲಿಕೆಯ ಕ್ಯಾಲೆಂಡರಿಗೆಂದು ಫೋಟೋಗ್ರಾಫರ್ ಒಂದೇ ನೋಟವನ್ನು ಬೆಳಕಿನ ಮೂರು ಅಳತೆಯಲ್ಲಿ ತೆಗೆದು, ಮೂರನ್ನೂ ಕಂಪ್ಯೂಟರಿನಲ್ಲಿ ಬೆಸೆದಿದ್ದ. ಎಚ್‌ಡಿಆರ್ ಎನ್ನುವ ಈ ವಿಧಾನದಲ್ಲಿ ಆಕಾಶದ ಮೋಡಗಳೂ ಮೂಡಿದ್ದವು, ಮೇಲ್ಸೇತುವೆಯ ಕೆಳಗೆ ನೆರಳಲ್ಲಿದ್ದದ್ದೂ ಕಾಣುತ್ತಿತ್ತು.

ಅಧಿಕಾರಿ ಕನ್ನಡಕ ಏರಿಸಿಕೊಂಡು ನೋಡಿದರು. "ಚೆನ್ನಾಗಿದೆ ಕಣ್ರೀ. ಈ ಕೆಳಗಡೆ ನೀಲಿದೇನು?"

"ಟಾರ್ಪಾಲು ಸಾರ್. ಹನ್ನೊಂದು ಮನೆ ಇದಾವೆ. ಬಾಗಿಲಲ್ಲಿ ನಿಂತಿರೋರು ತಿಪ್ಪಕ್ಕ. 'ನಮ್ಮನೀನೂ ಬರ್ತತೇನಪ್ಪಾ ಫೋಟೋದಾಗೆ' ಅಂತ ಕೇಳಿದ್ರು. ಬಂದೇ ಬರುತ್ತೆ ಅಂತ ಮಾತು ಕೊಟ್ಟಿದೀನಿ."

"ಮಾಮೂಲಿ ಫೋಟೋದಲ್ಲಿ ಬರ್ತಿರಲಿಲ್ವಾ?"

"ಇಲ್ಲ ಸಾರ್, ಬರೀ ಕಪ್ಪಗೆ ಕಾಣ್ತಿತ್ತು."

"ನಮಗೂ ಇಷ್ಟು ದಿನ ಹಾಗೇ ಕಾಣ್ತಿತ್ತು."

ಅವನು ಎದ್ದು ನಿಂತ. "ಅಳಿಸು ಅಂತ ಮಾತ್ರ ಹೇಳಬೇಡಿ ಸಾರ್. ಇರೋದನ್ನ ಇಲ್ಲ ಅಂತ ತೋರಿಸೋ ಕೆಲಸ ನಾನು ಮಾಡಲ್ಲ. ಬೇಕಾದ್ರೆ ಬೇರೆಯವರ ಹತ್ರ ತೆಗೆಸ್ಕೊಳ್ಳಿ."

"ಛೇ ಛೇ, ಕೂತ್ಕೊಳ್ರೀ. ಸುಳ್ಳು ಫೋಟೋ ನನಗೂ ಆಗಲ್ಲ." ಅಧಿಕಾರಿ ಒತ್ತುವರಿ ತೆರವು ವಿಭಾಗಕ್ಕೆ ಫೋನ್ ಹಚ್ಚಿದರು. "ನೀವು ಏನೂ ಅಳಿಸಬೇಡಿ. ಗುರುವಾರ ಬಂದು ಇನ್ನೊಂದ್ಸಲ ತೆಗೀರಿ."