ಅಬ್ಬಿ ನಿಂತ ಹೊತ್ತು

ಅಕ್ಕು ಹಲಸಿನ ಎಲೆಗಳನ್ನು ಒಂದೊಂದಾಗಿ ಒರೆಸಿ, ಮಡಚಿ, ತೆಂಗಿನ ಕಡ್ಡಿ ಚುಚ್ಚಿ ಗಂಜಿ ಉಣ್ಣುವ ಚಮಚ ಮಾಡುತ್ತಿದ್ದಳು. ಎದುರಿಗೆ ಕುಳಿತ ನಾದಿನಿ ಕಿನ್ನಿ ಗಂಜಿಯ ಪಾತ್ರೆಯ ಬಾಯಿಗೆ ಬಾಳೆಲೆ ಕಟ್ಟಿದಳು. ಗುಡ್ಡದ ಆಚೆ ಅಬ್ಬಿಯ ನೀರು ಬೀಳುವ ಸದ್ದು ಅಡುಗೆಮನೆಯೊಳಗೂ ಬರುತ್ತಿತ್ತು. ಆ ಸದ್ದು ಇವತ್ತಿಗೆ ಮುಗಿಯುತ್ತದೆ ಎಂದು ಅಕ್ಕುವಿಗೆ ಗೊತ್ತಿತ್ತು.

ಅಬ್ಬಿಯ ಮೇಲೆ ಮಾವ ಲೋಕಯ್ಯ ಹರಿವ ತೋಡಿಗೆ ಅಡ್ಡ ಕಟ್ಟ ಹಾಕುತ್ತಿದ್ದರು. ಮಳೆ ಹೋದ ಮೇಲೆ ಕಲ್ಲು, ಮಣ್ಣು, ಸೊಪ್ಪು ಒಟ್ಟಿ ನೀರು ನಿಲ್ಲಿಸುವುದು ಪ್ರತಿ ವರ್ಷವೂ ಇದ್ದದ್ದೇ. ಆದರೆ ಕೆಳಗಿನವರಿಗೆಂದು ಒಂದು ಬದಿಯಲ್ಲಿ ನೀರು ಹರಿಯುವಷ್ಟು ಕಂಡಿ ಬಿಡುವುದು ಕ್ರಮ. ಈ ಸಲ ಕಂಡಿ ಇಲ್ಲ. ಯುದ್ಧದಿಂದ ಬರ್ಮಾದ ಅಕ್ಕಿ ನಿಂತು ಪೈವಳಿಕೆಯ ಅಂಗಡಿ ಖಾಲಿಯಾಗಿತ್ತು. ಮೇಲಿನ ಗದ್ದೆಗೂ ಎರಡನೆಯ ಬೆಳೆ, ನೀರೆಲ್ಲ ಅಲ್ಲಿಗೆ ಎಂದಿದ್ದರು ಮಾವ. ಅಬ್ಬಿಯ ಕೆಳಗೆ, ಅದೇ ನೀರಿನ ದಡದಲ್ಲಿ ಅಕ್ಕುವಿನ ತವರು. ಅಪ್ಪ ಇಲ್ಲದ ಮನೆ. ಅಮ್ಮ ಸೌತೆ, ಹರಿವೆ ಬೆಳೆದು ಪುಟ್ಟ ತಮ್ಮಂದಿರನ್ನು ಸಾಕುವುದು. ‘ಮಾವನ ಹತ್ತಿರ ಒಂದು ಮಾತು ಹೇಳು ಮಗಾ’ ಎಂದು ಅಮ್ಮ ಹೇಳಿ ಕಳಿಸಿದ್ದಳು. ಮದುವೆಯಾಗಿ ಬಂದಲ್ಲಿಂದ ಅಕ್ಕು ಮಾವನೊಡನೆ ತಾನಾಗಿ ಬಾಯಿ ತೆರೆದವಳಲ್ಲ.

ಕಟ್ಟ ಹಾಕುವವರಿಗೆ ಗಂಜಿ ಹೊತ್ತು ಇಬ್ಬರೂ ಹೊರಟರು. ಅಬ್ಬಿಯ ದಾರಿ ಕಷ್ಟದ್ದಲ್ಲ. ತಲೆಯ ಮೇಲೆ ಪಾತ್ರೆ ಇಟ್ಟು ಕೈ ಬೀಸಿ ನಡೆಯುವಷ್ಟು ಸಮ. ಪುನರ್ಪುಳಿ ಮರಗಳ ಎಳೆ ಎಲೆ ಕೆಂಪಾಗಿ ಬಿಸಿಲನ್ನು ಸೋಸುತ್ತಿತ್ತು. ಒಂದು ತಿರುವಿನಲ್ಲಿ, ಕೊಂಬೆಗಳ ನಡುವೆ, ಬಲು ದೂರದ ಸಮುದ್ರ ಒಣಗಲು ಹಾಕಿದ ನೂಲಿನ ಹಾಗೆ ಕಂಡು ಮರೆಯಾಯಿತು. ಪಕ್ಕದಲ್ಲೇ ನೀರು ಅವಳಿಗೆ ಎದುರಾಗಿ ಇಳಿದು ಹೋಗುತ್ತಿತ್ತು. ಈ ನೀರು ಇನ್ನು ಸ್ವಲ್ಪ ಹೊತ್ತಿನಲ್ಲಿ ಅಮ್ಮನ ಪಾದ ಮುಟ್ಟುತ್ತದೆ ಎಂದುಕೊಂಡಳು ಅಕ್ಕು. ತಾನು ನಡೆಯುತ್ತಿದ್ದೇನೋ, ನಿದ್ದೆಯಲ್ಲಿ ತೇಲುತ್ತಿದ್ದೇನೋ ತಿಳಿಯಲಿಲ್ಲ.

“ಅತ್ತಿಗೇ, ನಿಮಗೆ ಬಾಯಿ ಇರುವುದು ಊಟಕ್ಕೆ ಮಾತ್ರವಾ?” ಕಿನ್ನಿ ಹಿಂದಿನಿಂದ ಕೇಳಿದಳು.

ಅಕ್ಕು ನಕ್ಕಳು.

“ನಗುವುದಕ್ಕೂ ಉಂಟು. ಸರಿ.”

“ಕಿನ್ನೀ, ಮಾವನಿಗೆ ಸಿಟ್ಟು ಬೇಗ ಬರ್ತದಾ?”

“ಹಸಿದರೆ ಬರ್ತದೆ. ಗಂಜಿ ಹೊಟ್ಟೆಗೆ ಹೋದರೆ ಕರುವಿನ ಹಾಗೆ ಸಾಧು. ಎಂತಕ್ಕೆ?”

“ಸುಮ್ಮನೆ.”

ಹಾಗಾದರೆ ಗಂಜಿ ಉಂಡ ಮೇಲೆಯೇ ಕೇಳುವುದು. ಅಬ್ಬಿಯ ಬುಡದಲ್ಲಿ ಅವರು ಪಾತ್ರೆ ಇಳಿಸಿ ನಿಂತರು. ನೀರಿನ ಪುಡಿ ಹೊಗೆಯಂತೆ ಎದ್ದು ಮುಖಕ್ಕೆ ತಾಗುತ್ತಿತ್ತು. ಅಕ್ಕು ಬಂಡೆಯ ಹತ್ತಿರ ಹೋಗಿ, ಕೇಳಬೇಕಾದ ಮಾತನ್ನು ನೀರಿಗೆ ಹೇಳಿ ನೋಡಿದಳು. ಮಾತು ಬಾಯಿಂದ ಹೊರಟದ್ದು ಅವಳ ಕಿವಿಗೂ ಬರಲಿಲ್ಲ. ಅವಳಿಗೆ ಧೈರ್ಯ ಬಂತು. ಇನ್ನೊಮ್ಮೆ ಹೇಳಿದಳು. ತುಟಿ ಅಲ್ಲಾಡುವುದನ್ನು ಕಂಡ ಕಿನ್ನಿ, ಕೈಜೋಡಿಸಿ ಕಣ್ಣು ಮುಚ್ಚಿ ಭಟ್ಟರ ಜಪದ ಅಣಕ ಮಾಡಿದಳು.

ಅವರು ಬಂಡೆಯ ಬದಿಯಿಂದ ಹತ್ತಿ ಮೇಲೆ ಬಂದಾಗ, ಮೊಣಕಾಲು ನೀರಿನಲ್ಲಿ ನಿಂತ ಲೋಕಯ್ಯ ಕಟ್ಟದ ಮಣ್ಣು ತುಳಿಯುತ್ತಿದ್ದರು. ಅಕ್ಕುವಿನ ಗಂಡ ಬೋಜ ಮಣ್ಣಿನ ಹೆಂಟೆ ಹೊತ್ತು ತರುತ್ತಿದ್ದ. ಕೊನೆಗೆ ಉಳಿದ ಸಂದಿನಲ್ಲಿ ನೀರು ನುಗ್ಗಿ ಅಬ್ಬಿಗೆ ಧುಮುಕುತ್ತಿತ್ತು.

“ಇದನ್ನು ಮುಚ್ಚಿಯೇ ಗಂಜಿ,” ಲೋಕಯ್ಯ ಕೂಗಿ ಹೇಳಿದರು.

ಅಕ್ಕುವಿಗೆ ಇನ್ನು ಗಂಜಿಯವರೆಗೆ ಕಾಯುವಂತಿರಲಿಲ್ಲ. ಅವಳು ದಡದ ಅಂಚಿಗೆ ಬಂದು ಏನೋ ಹೇಳಿದಳು. ಮಾವ ಕಿವಿಗೆ ಕೈ ಇಟ್ಟರು.

“ಎಂತ? ಈ ಸದ್ದಿನಲ್ಲಿ ನಿನ್ನ ಮಾತು ಯಾರಿಗೆ ಕೇಳುತ್ತದೆ ಮಗಳೇ? ಜೋರು ಹೇಳು.”

ಬೋಜ ಕಲ್ಲು ಇಟ್ಟ. ಅದರ ಮೇಲೆ ಹೆಂಟೆ. ಲೋಕಯ್ಯ ಹಿಮ್ಮಡಿಯಿಂದ ಒತ್ತಿದರು. ಅಕ್ಕು ಕಣ್ಣು ಮುಚ್ಚಿ, ಅಬ್ಬಿಯ ಬುಡದಲ್ಲಿ ನಿಂತಂತೆ ನೆನೆದು, ಇದ್ದ ಉಸಿರನ್ನೆಲ್ಲ ಕಟ್ಟಿ ಕೂಗಿದಳು.

“ಮಾವ, ಕೆಳಗೆ ಅಮ್ಮನ ಸೌತೆ ಗದ್ದೆ ಉಂಟು. ನೀರಿಲ್ಲದಿದ್ದರೆ ಸಾಯ್ತದೆ. ಕಂಡಿ ಬಿಡಿ.”

ಅವಳು ಕೂಗಲು ತೊಡಗಿದಾಗ ಅಬ್ಬಿಯ ಸದ್ದು ಇತ್ತು. ಮುಗಿಸುವಾಗ ಇರಲಿಲ್ಲ. ಕೊನೆಯ ಮಾತು ಬರಿಯ ಕಾಡಿನಲ್ಲಿ ಹೋಗಿ, ಎದುರಿನ ಬಂಡೆಗೆ ತಾಗಿ, ಅವಳದೇ ದನಿಯಲ್ಲಿ ಹಿಂದಿರುಗಿತು. ಅಷ್ಟು ದೊಡ್ಡ ದನಿ ತನ್ನದೆಂದು ಅವಳು ಅರಿತಿರಲಿಲ್ಲ. ಎಲ್ಲಿಯೋ ಒಂದು ಹಕ್ಕಿ ಕೂಗುತ್ತಿತ್ತು. ಇಲ್ಲಿ ಹಕ್ಕಿ ಇದ್ದದ್ದೇ ಈವರೆಗೆ ಗೊತ್ತಿರಲಿಲ್ಲ.

ಲೋಕಯ್ಯ ನಿಂತ ನೀರಿನಲ್ಲಿ ಕೈ ತೊಳೆದು ದಡಕ್ಕೆ ಬಂದು ಕುಳಿತರು. ಬೋಜ ಅಪ್ಪನ ಮುಖ ನೋಡಿದ, ಮತ್ತೆ ತನ್ನ ಕೈಯ ಕೆಸರನ್ನು ನೋಡಿದ. ಅಕ್ಕು ಅಡಿಕೆ ಹಾಳೆಯಲ್ಲಿ ಗಂಜಿ ಬಡಿಸಿ, ಎಲೆಯ ಚಮಚ ಇಟ್ಟು, ಹಿಂದೆ ಸರಿದು ನಿಂತಳು. ಗಂಜಿ ಸುರಿಯುವ ಸದ್ದು ಕೇಳುತ್ತಿತ್ತು. ಕೆಳಗೆ ಬರಿ ಬಂಡೆಯಿಂದ ಹನಿ ಬೀಳುವುದೂ ಕೇಳುತ್ತಿತ್ತು, ಒಂದು, ತುಸು ತಡೆದು ಇನ್ನೊಂದು. ಮಾವನ ಹಾಳೆ ಬರಿದಾಗುವವರೆಗೆ ಅವಳು ಕಾದಳು. ಕಿನ್ನಿ ಅವಳ ಸೆರಗನ್ನು ಮೆಲ್ಲನೆ ಎಳೆದಳು.

“ಒಂದು ಕೈಯಗಲ ಕಂಡಿ ಸಾಕು, ಮಾವ.”